ಗೋಡೆ ಕಡೆ, ಬೀದಿ ಕಡೆ

ಡಿಪೋ ಮಾವನ ಕಾರು ನಿಲ್ಲಲಿಲ್ಲ ಎಂಬ ಸುದ್ದಿ ನಮ್ಮ ಗಾಡಿ ರಿಪೇರಿ ಶೆಡ್ಡಿಗೆ ತಲುಪುವ ಹೊತ್ತಿಗೆ ಅವರ ಮನೆಯಲ್ಲಿ ಮಾತು ನಿಂತು ಮೂರು ದಿನವಾಗಿತ್ತು.

ಮಾವ ಎಂದರೆ ನನ್ನ ಹೆಂಡತಿಯ ಸೋದರಮಾವ. ಮೂವತ್ತೆರಡು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಅಷ್ಟು ವರ್ಷದಲ್ಲಿ ಬಸ್ಸಿನ ಮೈಮೇಲೆ ಒಂದು ಗೀರು ಬೀಳಿಸಿದವರಲ್ಲ. ನಿವೃತ್ತರಾದ ಮೇಲೆ ಅವರ ಜೊತೆಯವರೆಲ್ಲ ಹೂಕುಂಡಕ್ಕೆ ನೀರು ಹಾಕಿಕೊಂಡು, ಮೊಮ್ಮಕ್ಕಳನ್ನು ಶಾಲೆಗೆ ಬಿಟ್ಟುಕೊಂಡು ಇದ್ದರು. ಇವರು ಹೋಗಿ ಒಂದು ಪುಟ್ಟ ಕೆಂಪು ಕಾರು ತಂದರು. ನೋಡಿದರೆ ಬೆಂಕಿಪೊಟ್ಟಣದಷ್ಟಿದೆ, ಆದರೆ ಅದರ ಎಂಜಿನ್ನು ಅದರ ಮೈಗೆ ಮೀರಿದ್ದು. ಕಾಲು ಇಟ್ಟರೆ ಸಾಕು, ಬೆನ್ನು ಸೀಟಿಗೆ ಅಂಟಿಕೊಳ್ಳುತ್ತದೆ. ಜೀವಮಾನವಿಡೀ ಐವತ್ತು ಜನರನ್ನು ಹಿಂದೆ ಕೂರಿಸಿಕೊಂಡು ಜೋಪಾನವಾಗಿ ಹೋದ ಮನುಷ್ಯನಿಗೆ ಒಮ್ಮೆಯಾದರೂ ಒಬ್ಬನೇ ಜೋರಾಗಿ ಹೋಗಬೇಕು ಅನ್ನಿಸಿದ್ದರಲ್ಲಿ ನನಗೇನೂ ತಪ್ಪು ಕಾಣಲಿಲ್ಲ.

ಊರಾಚೆ ಬಳಕೆ ತಪ್ಪಿದ ಒಂದು ರನ್‌ವೇ ಇದೆ. ತಿಂಗಳಿಗೊಂದು ಭಾನುವಾರ ಅಲ್ಲಿ ಟೈರುಗಳನ್ನು ಪೇರಿಸಿ ತಿರುವು ಮಾಡಿ, ಒಬ್ಬೊಬ್ಬರನ್ನೇ ಬಿಟ್ಟು, ಆರು ಸುತ್ತಿಗೆ ಎಷ್ಟು ಹೊತ್ತು ಹಿಡಿಯಿತು ಎಂದು ಬರೆದುಕೊಳ್ಳುತ್ತಾರೆ. ಮಾವ ಅಲ್ಲಿಗೆ ಹೋಗುತ್ತಿದ್ದರು. ಹೋದ ತಿಂಗಳು ಐದನೇ ಸುತ್ತಿನಲ್ಲಿ ತಿರುವಿಗೆ ಬಂದಾಗ ಬ್ರೇಕಿನ ಪೆಡಲ್ ನೆಲಕ್ಕೆ ಇಳಿಯಿತು. ಕಾರು ಟೈರಿನ ಗುಡ್ಡೆಯನ್ನು ಸೀಳಿಕೊಂಡು ಹೋಗಿ ಹುಲ್ಲಿನಲ್ಲಿ ನಿಂತಿತು. ಮಾವನಿಗೆ ಏನೂ ಆಗಲಿಲ್ಲ. ಕಾರಿನ ಮೂತಿ ಒಡೆಯಿತು.

ಅಲ್ಲಿಗೆ ಮುಗಿದಿದ್ದರೆ ಸರಿಹೋಗುತ್ತಿತ್ತು. ಮನೆಗೆ ಬಂದವರು ತಮ್ಮ ಹೆಂಡತಿಗೆ, ಅಂದರೆ ನಮ್ಮ ಅತ್ತೆಗೆ, "ಅಂಗಡಿ ಮುಂದೆ ಕಂಬಕ್ಕೆ ತಾಗಿತು" ಎಂದರು. ಮೂವತ್ತೆರಡು ವರ್ಷ ತಾಗದ ಕಂಬ ಈಗ ಎಲ್ಲಿಂದ ಬಂತು ಎಂದು ಅತ್ತೆ ಕೇಳಲಿಲ್ಲ. ಸಂಜೆ ಪಕ್ಕದ ಮನೆ ಹುಡುಗಿ ತನ್ನ ಫೋನಿನಲ್ಲಿ, "ಅಜ್ಜಿ, ತಾತ ಹೆಂಗೆ ಹಾರಿದ್ರು ನೋಡಿ" ಎಂದು ತೋರಿಸಿದಳು. ಅಲ್ಲಿಂದ ಮಾತು ನಿಂತಿತು.

ನಾಲ್ಕನೇ ದಿನ ಅತ್ತೆ ಬಾಯಿ ಬಿಟ್ಟದ್ದು ಇಷ್ಟಕ್ಕೆ. "ಮುಂದಿನ ರನ್‌ವೇ ಹಿಂದಿನ ದಿನ, ಶನಿವಾರ, ಮಧ್ಯಾಹ್ನ ಮೂರಕ್ಕೆ ನಾನು ನಿಮ್ಮ ಪಕ್ಕದಲ್ಲಿ ಕೂತ್ಕೋತೀನಿ. ನೀರಿನ ಟ್ಯಾಂಕಿನ ದಿಬ್ಬದಿಂದ ಕೆಳಕ್ಕೆ ಬಿಡಿ. ನಾನು ನಿಲ್ಸಿ ಅಂದಲ್ಲಿ ನಿಲ್ಬೇಕು. ನಿಂತ್ರೆ ಕಾರು ಇರಲಿ. ಇಲ್ಲಾಂದ್ರೆ ಔಷಧಿ ಅಂಗಡಿಯವರು ಕೇಳ್ತಾನೇ ಇದ್ದಾರೆ, ಕೊಟ್ಬಿಡೋಣ."

ಮಾವ ನೇರ ನಮ್ಮ ಶೆಡ್ಡಿಗೆ ಬಂದರು.

"ಅಳಿಯ, ದೊಡ್ಡ ಬ್ರೇಕ್ ಹಾಕ್ಬೇಕಲ್ಲ."

"ಎಷ್ಟು ದೊಡ್ಡದು ಮಾವ?"

"ನಿಮ್ಮತ್ತೆ ಬಾಯಿ ಮುಚ್ಚೋಷ್ಟು."

"ಅಷ್ಟು ದೊಡ್ಡದು ಯಾವ ಕಂಪನಿಯವರೂ ಮಾಡಲ್ಲ ಮಾವ," ಎಂದಳು ನನ್ನ ಹೆಂಡತಿ, ಬೋಲ್ಟು ತೊಳೆಯುತ್ತಿದ್ದ ಡಬ್ಬದಿಂದ ತಲೆ ಎತ್ತದೆ.

ದೊಡ್ಡ ಬ್ರೇಕ್ ಹಾಕಿದರೆ ಗಾಡಿ ತಟ್ಟನೆ ನಿಲ್ಲುತ್ತದೆ ಎಂದು ಜನ ತಿಳಿದಿದ್ದಾರೆ. ಹಾಗೇನಿಲ್ಲ. ಮೊದಲನೇ ಸಲ ಚಿಕ್ಕ ಬ್ರೇಕೂ ಅಷ್ಟೇ ದೂರದಲ್ಲಿ ನಿಲ್ಲಿಸುತ್ತದೆ. ವ್ಯತ್ಯಾಸ ಗೊತ್ತಾಗುವುದು ಹತ್ತನೇ ಸಲಕ್ಕೆ. ಒತ್ತಿದಾಗೆಲ್ಲ ಚಕ್ರದ ಓಟ ಶಾಖವಾಗಿ, ಅದರ ಜೊತೆ ತಿರುಗುವ ಬ್ರೇಕಿನ ತಟ್ಟೆಗೆ ಇಳಿಯುತ್ತದೆ. ತಟ್ಟೆ ಚಿಕ್ಕದಾದರೆ ಬೇಗ ಕಾಯುತ್ತದೆ, ಆ ಕಾವಿಗೆ ಬ್ರೇಕಿನ ಎಣ್ಣೆ ಕುದಿಯುತ್ತದೆ, ಪೆಡಲ್ ನೆಲ ಮುಟ್ಟುತ್ತದೆ. ಮಾವನಿಗೆ ಆದದ್ದು ಅದೇ. ಆ ಕಾರನ್ನು ಮಾಡಿದ ಕಂಪನಿಯೇ ಅದಕ್ಕೊಂದು ದೊಡ್ಡಣ್ಣನನ್ನೂ ಮಾಡಿದೆ. ಅದರ ಮುಂದಿನ ಬ್ರೇಕು ಇದಕ್ಕೆ ಹೆಚ್ಚುಕಡಿಮೆ ಹಾಗೇ ಕೂರುತ್ತದೆ.

"ಆದ್ರೆ ಈಗಿರೋ ಚಕ್ರ ಅದರ ಮೇಲೆ ಕೂರಲ್ಲ ಮಾವ. ಉಜ್ಜುತ್ತೆ. ಚಕ್ರಾನೂ ದೊಡ್ಡಣ್ಣಂದೇ ಹಾಕ್ಬೇಕು. ಸ್ಟೆಪ್ನಿ ಮುಂದಕ್ಕೆ ಆಗಲ್ಲ. ಮುಂದೆ ಪಂಕ್ಚರ್ ಆದ್ರೆ ಹಿಂದಿನದನ್ನ ಮುಂದಕ್ಕೆ ಹಾಕಿ, ಸ್ಟೆಪ್ನೀನ ಹಿಂದಕ್ಕೆ ಹಾಕ್ಕೋಬೇಕು."

"ಆಗ್ಲಿ ಮಾರಾಯ. ಎರಡು ಸಲ ಜಾಕ್ ಎತ್ತಿದ್ರೆ ನನ್ನ ಕೈಯೇನು ಸವೆದುಹೋಗಲ್ಲ."

ಗುಜರಿಯಲ್ಲಿ ಅಂಥದೊಂದು ದೊಡ್ಡ ಕಾರು ಬಿದ್ದಿತ್ತು. ಹಿಂದಿನಿಂದ ಗುದ್ದಿಸಿಕೊಂಡದ್ದು, ಮುಂಭಾಗ ಗಟ್ಟಿಯಾಗಿತ್ತು. ಅದರ ಮುಂದಿನ ಎರಡು ಕ್ಯಾಲಿಪರ್ ಬಿಚ್ಚಿ ತಂದೆವು. ಕ್ಯಾಲಿಪರ್ ಎಂದರೆ ತಟ್ಟೆಯನ್ನು ಎರಡು ಕಡೆಯಿಂದ ಹಿಡಿದು ಅಮುಕುವ ಕಬ್ಬಿಣದ ಮುಷ್ಟಿ. ತಟ್ಟೆ, ಅದಕ್ಕೆ ಉಜ್ಜುವ ಪ್ಯಾಡು, ರಬ್ಬರು ಎಲ್ಲ ಹೊಸದು. ಮುಷ್ಟಿ ಮಾತ್ರ ಹಳೆಯದು. ಅದನ್ನು ಬಿಚ್ಚಿ, ತುಕ್ಕು ಕೆರೆದು, ಹೊಸ ರಬ್ಬರು ಕೂರಿಸಿ, ಬಣ್ಣ ಹೊಡೆಯುವ ಕೆಲಸ ನನ್ನ ಹೆಂಡತಿಯದು. ಅವಳ ಬೆರಳು ಸಣ್ಣ, ತಾಳ್ಮೆ ದೊಡ್ಡದು. ನನ್ನದು ಎರಡೂ ಅದಲು ಬದಲು. ಕೆಲಸ ಮುಗಿದ ಮೇಲೆ ಎಂದಿನಂತೆ ಒಂದಕ್ಕೆ "ಗೋಡೆ" ಎಂದೂ ಇನ್ನೊಂದಕ್ಕೆ "ಬೀದಿ" ಎಂದೂ ಚೀಟಿ ಬರೆದು ಕಟ್ಟಿದಳು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ಎಡ ಬಲ ಎಂಬ ಮಾತಿಲ್ಲ. ಮದುವೆಯಾದ ಹೊಸತರಲ್ಲಿ ಇತ್ತು. ಅವಳು ಗಾಡಿಯ ಎದುರಿಗೆ ನಿಂತು ಎಡ ಎನ್ನುತ್ತಿದ್ದಳು, ನಾನು ಸ್ಟೀರಿಂಗ್ ಹಿಂದೆ ಕೂತವನ ಲೆಕ್ಕದಲ್ಲಿ ಎಡ ಎಂದುಕೊಳ್ಳುತ್ತಿದ್ದೆ. ಒಮ್ಮೆ ಅವಳು ಎಡದ ಚಕ್ರ ಕೂಗುತ್ತಿದೆ ಎಂದಳು, ನಾನು ಚೆನ್ನಾಗಿದ್ದ ಚಕ್ರವನ್ನು ಬಿಚ್ಚಿ ಹೊಸ ಬೇರಿಂಗ್ ಹಾಕಿದೆ. ಗಾಡಿ ಕೂಗಿಕೊಂಡೇ ಹೋಯಿತು. ಆವತ್ತು ನಾವಿಬ್ಬರೂ ಕೂಗಾಡಿದ್ದು ಗಾಡಿಗಿಂತ ಜೋರು. ಆಮೇಲೆ ಅವಳೇ ದಾರಿ ಹುಡುಕಿದಳು. ನಮ್ಮ ಶೆಡ್ಡು ರೈಲಿನ ಡಬ್ಬಿಯಂತೆ ಉದ್ದಕ್ಕಿದೆ. ಒಂದು ಪಕ್ಕ ಗೋಡೆ, ಇನ್ನೊಂದು ಪಕ್ಕ ಬೀದಿಗೆ ತೆರೆದ ಕಿಟಕಿಗಳು. ಗಾಡಿಗಳು ತುದಿಯ ಗೇಟಿನಿಂದ ಮೂತಿ ಮುಂದಾಗಿ ಒಳಗೆ ಬರುತ್ತವೆ. ಎಡದ್ದು ಯಾವಾಗಲೂ ಗೋಡೆ ಕಡೆ, ಬಲದ್ದು ಬೀದಿ ಕಡೆ. ಹದಿನೆಂಟು ವರ್ಷ ಈ ಎರಡು ಮಾತಿನಿಂದ ಗಾಡಿಯೂ ಸಂಸಾರವೂ ಸರಾಗವಾಗಿ ನಡೆದವು.

ಶುಕ್ರವಾರ ಸಂಜೆ ನಾನು ಹೊಸ ತಟ್ಟೆ ತರಲು ಪೇಟೆಗೆ ಹೋಗಿದ್ದಾಗ ಮಾವ ಬಂದು ಕಾರನ್ನು ಒಳಗೆ ನಿಲ್ಲಿಸಿ ಹೋಗಿದ್ದರು. ಮೂತಿ ಗೇಟಿನ ಕಡೆಗಿತ್ತು. ಮುಂದಿನ ಚಕ್ರಗಳ ಮೇಲೆ ಬೆಳಕು ಚೆನ್ನಾಗಿ ಬೀಳುತ್ತದೆ ಎಂದು ನನಗೆ ಸಂತೋಷವೇ ಆಯಿತು.

ಶನಿವಾರ ಬೆಳಗ್ಗೆ ಎಂಟಕ್ಕೆ ಶುರುಮಾಡಿದೆ. ಹಳೆಯ ತಟ್ಟೆ ಬಿಚ್ಚಿ ಹೊಸದರ ಪಕ್ಕ ಇಟ್ಟರೆ ಊಟದ ತಟ್ಟೆಯ ಪಕ್ಕ ಬಟ್ಟಲಿನ ಮುಚ್ಚಳ ಇಟ್ಟಂತಿತ್ತು. "ಇಷ್ಟು ದಿನ ಇದನ್ನ ನಂಬ್ಕೊಂಡು ಹೋಗ್ತಿದ್ನಾ?" ಎಂದರು ಮಾವ. ಗೋಡೆ ಚೀಟಿಯದನ್ನು ಗೋಡೆ ಕಡೆಗೆ ಹಾಕಿದೆ, ಬೀದಿ ಚೀಟಿಯದನ್ನು ಬೀದಿ ಕಡೆಗೆ ಹಾಕಿದೆ. ಬೋಲ್ಟುಗಳು ನಯವಾಗಿ ಕೂತವು. ಎಣ್ಣೆ ತರುವ ಹೋಸು ಸ್ವಲ್ಪ ತಿರುಚಿಕೊಂಡಿತು. ಅಳತೆ ಬೇರೆಯಲ್ಲವೇ, ತಿರುಚಿಕೊಳ್ಳಲಿ ಅಂದುಕೊಂಡೆ.

ಇನ್ನು ಗಾಳಿ ತೆಗೆಯುವುದು. ಎಣ್ಣೆಯ ದಾರಿಯಲ್ಲಿ ಒಂದು ಗುಳ್ಳೆ ಗಾಳಿ ಉಳಿದರೂ ಪೆಡಲ್ ಒತ್ತಿದಾಗ ಗಾಳಿ ಕುಗ್ಗುತ್ತದೆಯೇ ಹೊರತು ತಟ್ಟೆಗೆ ಹಿಡಿತ ಬರುವುದಿಲ್ಲ. ಅದಕ್ಕೇ ಕ್ಯಾಲಿಪರಿಗೆ ನಿಪ್ಪಲ್ ಎಂಬ ಸಣ್ಣ ಬಾಯಿ ಇಟ್ಟಿರುತ್ತಾರೆ. ಒಬ್ಬರು ಪೆಡಲ್ ಒತ್ತಬೇಕು, ಇನ್ನೊಬ್ಬರು ಆ ಬಾಯಿ ಬಿಚ್ಚಿ ಮುಚ್ಚಬೇಕು. ಮಾವ ಸೀಟಿನಲ್ಲಿ ಕೂತರು, ನಾನು ಕೆಳಗೆ ಅಂಗಾತ ಮಲಗಿದೆ.

"ಒತ್ತಿ."

"ಒತ್ತಿದೆ."

"ಹಿಡ್ಕೊಳ್ಳಿ."

"ಹಿಡಿದೆ."

"ಬಿಡಿ."

ಗುಳ್ಳೆ ಬಂತು, ಮತ್ತೆ ಬಂತು, ಆಮೇಲೆ ನಿಂತಿತು. ನಿಪ್ಪಲಿಗೆ ಸಿಕ್ಕಿಸಿದ ಕೊಳವೆಯಲ್ಲಿ ತಿಳಿ ಎಣ್ಣೆ. ಎರಡೂ ಕಡೆ ಮುಗಿಸಿ ಮೇಲೆದ್ದು ನಾನೇ ಪೆಡಲ್ ಒತ್ತಿದೆ. ಕಲಸಿದ ಹಿಟ್ಟಿನಲ್ಲಿ ಕಾಲಿಟ್ಟಂತೆ ಮೆತ್ತಗೆ ಇಳಿಯಿತು.

ಮುಷ್ಟಿ ದೊಡ್ಡದಾದಾಗ ಪೆಡಲ್ ಮೊದಲಿಗಿಂತ ಸ್ವಲ್ಪ ಹೆಚ್ಚು ಇಳಿಯುವುದುಂಟು. ಇದು ಸ್ವಲ್ಪವಲ್ಲ. ಮತ್ತೆ ಮೊದಲಿನಿಂದ ಮಾಡಿದೆವು. ಎರಡು ಡಬ್ಬಿ ಎಣ್ಣೆ ಖಾಲಿಯಾಯಿತು. ಹೋಸಿನ ಬಿಗಿ ನೋಡಿದೆ, ಪೆಡಲಿನ ಹಿಂದಿರುವ ಪಂಪು ಸೋರುತ್ತಿದೆಯೇ ಎಂದು ಬಟ್ಟೆ ಒತ್ತಿ ನೋಡಿದೆ. ಎಲ್ಲೂ ಹನಿಯಿಲ್ಲ. ಮೂರನೇ ಸಲವೂ ಅದೇ ಹಿಟ್ಟು. ಗಡಿಯಾರ ಎರಡೂವರೆ ದಾಟಿತ್ತು. ಚಕ್ರ ಹಾಕಿ ಕೆಳಗಿಳಿಸಿ ಎಂಜಿನ್ ಶುರುಮಾಡಿ ನೋಡೋಣ ಎಂದೆ. ಕೆಳಗಿಳಿಸಿದರೂ ಅದು ಹಾಗೇ ಇತ್ತು.

ಮಾವ ಸೀಟಿನಲ್ಲಿ ಕೂತು ಪೆಡಲನ್ನು ಟಪ್ ಟಪ್ ಎಂದು ಎರಡು ಸಲ ಬೇಗ ಬೇಗ ಒತ್ತಿದರು. ಮೂರನೆಯದಕ್ಕೆ ಗಟ್ಟಿಯಾಗಿ ನಿಂತಿತು.

"ನೋಡು. ಎರಡು ಸಲ ತಟ್ಟಿದ್ರೆ ಹಿಡಿಯುತ್ತೆ."

"ಹಿಡಿಯುತ್ತೆ ಮಾವ. ಆದ್ರೆ ತಟ್ಟೋಕೆ ಪುರಸೊತ್ತು ಇರಬೇಕಲ್ಲ."

"ಬಸ್ಸಲ್ಲಿ ಹೀಗೆ ಎಷ್ಟು ಘಾಟಿ ಇಳಿದಿಲ್ಲ ನಾನು! ಅವಳು ನಿಲ್ಸಿ ಅನ್ನೋ ಮುಂಚೆ ಅವಳು ಉಸಿರು ಎಳ್ಕೊಳ್ಳೋದು ನಂಗೆ ಕೇಳಿಸುತ್ತೆ. ಅಷ್ಟರಲ್ಲಿ ತಟ್ಟಿರ್ತೀನಿ. ಒಂದು ಸಲ ಇಳಿದು ಬರ್ತೀನಿ, ಆಮೇಲೆ ನೀನು ಆರಾಮಾಗಿ ಸರಿಮಾಡು."

"ಇಂಥ ಪೆಡಲ್ ಇಟ್ಕೊಂಡು ಯಾವ ಗಾಡೀನೂ ಈ ಗೇಟು ದಾಟಿಲ್ಲ ಮಾವ."

"ನಾನೇನು ಗಿರಾಕಿನೇನೋ?"

ಅಷ್ಟರಲ್ಲಿ ಅತ್ತೆ ಬಂದರು. ಮೂರಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಕೈಯಲ್ಲಿ ಚೀಲ, ಕಾಲಲ್ಲಿ ನಡೆಯುವಾಗ ಹಾಕುವ ಬೂಟು. ಯಾರನ್ನೂ ಮಾತಾಡಿಸದೆ ಬಾಗಿಲು ತೆಗೆದು ಮಾವನ ಪಕ್ಕ ಕೂತು ಬೆಲ್ಟು ಕಟ್ಟಿಕೊಂಡರು. ನಾನು ಬಾಯಿ ತೆರೆದೆ. ಹೆಂಡತಿ ನನ್ನ ತೋಳು ಹಿಡಿದು, "ನೀವು ಹೇಳ್ಬೇಡಿ. ಅವರೇ ಹೇಳ್ಲಿ" ಎಂದು ಪಿಸುಗುಟ್ಟಿದಳು.

ಮಾವ ಎಂಜಿನ್ ಶುರುಮಾಡಿದರು. ಟಪ್ ಟಪ್ ಎಂಬ ಸದ್ದು ಕೇಳಿತು.

ನಾನು ಹೋಗಿ ಗೇಟಿನ ನಡುವೆ ನಿಂತೆ. ಇದರಲ್ಲಿ ದೊಡ್ಡ ಧೈರ್ಯವೇನೂ ಇರಲಿಲ್ಲ. ಕಾರು ನಿಂತಲ್ಲೇ ಇತ್ತು, ಒಳಗೆ ಕೂತವರು ನನ್ನವರೇ.

"ಅಳಿಯ, ಜರುಗು."

ನಾನು ಜರುಗಲಿಲ್ಲ.

"ಇದೇನ್ರೀ, ಅಡ್ಡ ನಿಂತಿದ್ದಾನೆ?" ಎಂದರು ಅತ್ತೆ. ಅವರು ಮನೆಯಲ್ಲೂ ಅಷ್ಟು ಉದ್ದದ ಮಾತು ಆಡಿ ತಿಂಗಳಾಗುತ್ತಾ ಬಂದಿತ್ತು ಎಂದು ಆಮೇಲೆ ತಿಳಿಯಿತು.

ಮಾವ ನನ್ನನ್ನು ನೋಡಿದರು. ಸ್ಟೀರಿಂಗ್ ನೋಡಿದರು. ಅವರ ಲೆಕ್ಕ ನನಗೆ ಗೊತ್ತಿತ್ತು. ಹೇಳಿದರೆ ಕಾರು ಔಷಧಿ ಅಂಗಡಿಯವರ ಮನೆ ಮುಂದೆ ನಿಲ್ಲುತ್ತದೆ. ಹೇಳದಿದ್ದರೆ ದಿಬ್ಬ ಇಳಿದು ಬಂದು ನಾಳೆ ರನ್‌ವೇಗೆ ಹೋಗಬಹುದು. ದಿಬ್ಬವನ್ನು ಅವರು ಖಂಡಿತ ಇಳಿಸುತ್ತಿದ್ದರು, ಅಷ್ಟು ನುರಿತ ಕಾಲು ಅದು. ಕೊನೆಗೆ ಎಂಜಿನ್ ಆರಿಸಿದರು.

"ಇವತ್ತು ಆಗಲ್ಲ ಕಣೆ. ಬ್ರೇಕ್ ಸರಿ ಇಲ್ಲ. ಮೆತ್ತಗಿದೆ. ಎರಡು ಸಲ ತಟ್ಟಿದ್ರೆ ಹಿಡಿಯುತ್ತೆ, ನಿಂಗೆ ಗೊತ್ತಾಗದ ಹಾಗೆ ತಟ್ಕೊಂಡು ಹೋಗೋಣ ಅಂತಿದ್ದೆ."

"ಬೆಲ್ಟ್ ಕಟ್ಕೊಳ್ಳೋ ಮುಂಚೆ ಹೇಳೋಕೇನಾಗಿತ್ತು?" ಎಂದು ಅತ್ತೆ ಅದನ್ನು ಬಿಚ್ಚಿದರು. "ಕಂಬದ ಕಥೆಗಿಂತ ಇದು ವಾಸಿ."

"ಔಷಧಿ ಅಂಗಡಿಗೆ ಫೋನ್ ಮಾಡ್ತೀಯಾ?"

"ಶನಿವಾರ ಅಂದಿದ್ದೆ. ಕತ್ತಲಾಗೋವರೆಗೂ ಶನಿವಾರಾನೇ." ಕೆಳಗಿಳಿದು ಸ್ಟೂಲು ಎಳೆದುಕೊಂಡು ಕೂತರು. "ಏನಾಗಿದೆ ಅಂತ ನಂಗೂ ಹೇಳಪ್ಪ. ತಿಂಗಳಿಂದ ಬ್ರೇಕು ಬ್ರೇಕು ಅಂತ ಕೇಳಿ ಸಾಕಾಗಿದೆ. ಹೆಂಗಿರುತ್ತೆ ಅಂತಾದ್ರೂ ನೋಡೋಣ."

ಗೋಡೆ ಕಡೆಯ ಚಕ್ರ ಬಿಚ್ಚಿದೆ. ತಟ್ಟೆ ತೋರಿಸಿದೆ, ಮುಷ್ಟಿ ತೋರಿಸಿದೆ. "ಒಳಗೆ ಗಾಳಿ ಸೇರ್ಕೊಂಡಿದೆ ಅತ್ತೆ. ಗಾಳಿ ಹಗುರ, ಎಣ್ಣೆಗಿಂತ ಮೇಲಕ್ಕೆ ಬಂದು ನಿಲ್ಲುತ್ತೆ. ಅದಕ್ಕೇ ಅದನ್ನ ಬಿಡೋ ಬಾಯಿ ಮೇಲ್ಗಡೆ ಇಟ್ಟಿರ್ತಾರೆ, ಇಲ್ಲಿ..." ಎಂದು ಬೆರಳಿಟ್ಟೆ.

ಬೆರಳಿಗೆ ಬರೀ ಕಬ್ಬಿಣ ಸಿಕ್ಕಿತು. ನಿಪ್ಪಲ್ ಇದ್ದದ್ದು ತಳದಲ್ಲಿ.

ಬೆಳಗ್ಗೆಯಿಂದ ಅಂಗಾತ ಮಲಗಿ ಅದನ್ನೇ ಬಿಚ್ಚಿ ಮುಚ್ಚಿದ್ದೆ. ಕೈಗೆ ಎಷ್ಟು ಸಲೀಸಾಗಿ ಸಿಗುತ್ತಿದೆ ಎಂದು ಮನಸ್ಸಿನಲ್ಲೇ ಕಂಪನಿಯವರನ್ನು ಹೊಗಳಿದ್ದೆ. ಗಾಳಿ ಮೇಲೆ ಹಾಯಾಗಿ ಕೂತಿತ್ತು, ನಾನು ತಳದಿಂದ ಒಳ್ಳೆಯ ಎಣ್ಣೆಯನ್ನು ಸುರಿದಿದ್ದೆ.

"ಇವಳೇ, ಎರಡೂ ಅದಲು ಬದಲಾಗಿದೆ. ಚೀಟಿ ತಪ್ಪು ಕಟ್ಟಿದ್ದೀಯ."

"ನಾನಾ? ಅದು ಗೋಡೆ ಕಡೇದು. ಕಣ್ಮುಚ್ಚಿಕೊಂಡು ಹೇಳ್ತೀನಿ."

"ಗೋಡೆ ಕಡೆಗೇ ಹಾಕಿದ್ದೀನಲ್ಲ, ನೋಡು, ಅಲ್ಲಿದೆ ಗೋಡೆ!"

"ಗೋಡೆ ಅಲ್ಲಿದೆ, ಸರಿ. ಕಾರಿನ ಮೂತಿ ಎಲ್ಲಿದೆ?"

ಮೂತಿ ಗೇಟಿನ ಕಡೆಗಿತ್ತು. ಹದಿನೆಂಟು ವರ್ಷದಲ್ಲಿ ನಮ್ಮ ಶೆಡ್ಡಿನೊಳಗೆ ಹಿಮ್ಮುಖವಾಗಿ ಬಂದು ನಿಂತ ಮೊದಲ ಗಾಡಿ ಅದು. ಅದರ ಗೋಡೆ ಕಡೆ ಬೀದಿಗಿತ್ತು, ಬೀದಿ ಕಡೆ ಗೋಡೆಗಿತ್ತು. ನಾವು ಮೂವರೂ ಮಾವನ ಕಡೆ ತಿರುಗಿದೆವು.

"ನನ್ನೇನು ನೋಡ್ತೀರ? ಗಾಡೀನ ಹಾಗೇ ನಿಲ್ಲಿಸ್ಬೇಕು. ಡಿಪೋದಲ್ಲಿ ಎಲ್ಲರೂ ಹಾಗೇ ನಿಲ್ಸೋದು, ಬೆಳಗ್ಗೆ ಎದ್ದು ನೇರ ಹೊರಡಬಹುದು."

"ಇವರಾ? ಮದುವೆ ಮನೆಗೆ ಹೋದ್ರೂ ತಳ್ಳುಗಾಡಿ ಸಿಕ್ಕಿದ್ರೂ ಹಿಂದು ಮುಂದಾಗೇ ನಿಲ್ಸೋದು," ಎಂದು ಅತ್ತೆ ನಕ್ಕರು. ಅವರು ನಕ್ಕದ್ದನ್ನು ನೋಡಿ ಮಾವನೂ ನಗಲು ಹೋದರು, ಆದರೆ ಇನ್ನೂ ಹೊತ್ತಾಗಿಲ್ಲ ಅನ್ನಿಸಿತೋ ಏನೋ, ಕೆಮ್ಮಿ ಸುಮ್ಮನಾದರು.

ತಪ್ಪು ಯಾರದು ಎಂದು ತೀರ್ಮಾನಿಸಲು ಹೋದರೆ ಕತ್ತಲಾಗುತ್ತಿತ್ತು. ನನ್ನದೇ ಎಂದು ಒಪ್ಪಿಕೊಂಡೆ. ಕಣ್ಣಿದ್ದವನು ನಾನು, ನೋಡಬೇಕಾದದ್ದು ನಿಪ್ಪಲನ್ನು, ನಾನು ಓದಿದ್ದು ಚೀಟಿಯನ್ನು. ಎರಡನ್ನೂ ಬಿಚ್ಚಿ ಅದಲು ಬದಲು ಮಾಡಿದೆ. ಹೋಸು ಈಗ ತಿರುಚಿಕೊಳ್ಳದೆ ತನ್ನ ದಾರಿಗೆ ತಾನೇ ಬಂದು ಕೂತಿತು. ಮಾವ ಎಣ್ಣೆ ಡಬ್ಬಿ ಹಿಡಿದು ಬಾನೆಟ್ಟಿನ ಕೆಳಗೆ ನಿಂತರು, ಹೆಂಡತಿ ಬಾಟಲಿ ಹಿಡಿದಳು. ಪೆಡಲಿಗೆ ಕಾಲು ಉಳಿದದ್ದು ಒಬ್ಬರದೇ.

"ನಾನು ಒತ್ಲಾ?" ಎಂದರು ಅತ್ತೆ.

ಆ ಸೀಟಿನಲ್ಲಿ ಅವರು ಕೂತದ್ದು ಅದೇ ಮೊದಲು. ಕಾಲು ಎಟುಕಲಿಲ್ಲ, ಸೀಟನ್ನು ಮುಂದಕ್ಕೆ ಎಳೆದೆವು.

"ಒತ್ತಿ ಅತ್ತೆ."

"ಹೂಂ. ಮೆತ್ತಗಿದೆ."

"ಹಿಡ್ಕೊಳ್ಳಿ... ಬಿಡಿ. ಮತ್ತೆ ಒತ್ತಿ."

ಕೊಳವೆಯಲ್ಲಿ ಗಾಳಿ ಬುಳುಬುಳು ಎಂದು ಬಂತು, ಬೆಳಗ್ಗೆಯೆಲ್ಲ ಅಡಗಿ ಕೂತದ್ದು. ಎಂಟನೆಯದೋ ಒಂಬತ್ತನೆಯದೋ ಸಲಕ್ಕೆ ಅತ್ತೆ, "ತಡಿ, ತಡಿ. ಈಗ ಇಳೀತಾ ಇಲ್ಲ. ಕಲ್ಲಿನ ಮೇಲೆ ಕಾಲಿಟ್ಟ ಹಾಗಿದೆ," ಎಂದರು. ಮತ್ತೆ ಒತ್ತಿದರು. ಯಾರೂ ಹೇಳದಿದ್ದರೂ ಇನ್ನೂ ನಾಲ್ಕು ಸಲ ಒತ್ತಿ ನೋಡಿದರು. ಇನ್ನೊಂದು ಕಡೆಯದೂ ಮುಗಿಯುವವರೆಗೆ ಆ ಸೀಟು ಬಿಟ್ಟು ಏಳಲಿಲ್ಲ.

ಐದು ಗಂಟೆಗೆ ಕಾರು ಗೇಟು ದಾಟಿತು. ಹೊಸ ಪ್ಯಾಡು, ಜೋರು ಬೇಡ ಎಂದು ಮಾವನಿಗೆ ಎರಡು ಸಲ ಹೇಳಿ ಕಳಿಸಿದೆ. ನೀರಿನ ಟ್ಯಾಂಕಿನ ದಿಬ್ಬ ನಮ್ಮ ಬೀದಿಯ ಕೊನೆಯಿಂದ ಕಾಣುತ್ತದೆ. ನಾನೂ ಹೆಂಡತಿಯೂ ಹೋಗಿ ನಿಂತೆವು. ಕೆಂಪು ಕಾರು ಮೇಲಿಂದ ಹೊರಟು ಮೊದಲ ತಿರುವಿನಲ್ಲಿ ನಿಂತಿತು. ಮತ್ತೆ ಹೊರಟು, ತಂತಿ ಬೇಲಿಯ ಹತ್ತಿರ ನಿಂತಿತು. ಆಮೇಲೆ ಯಾವ ಕಾರಣವೂ ಇಲ್ಲದ ಕಡೆ, ನಟ್ಟ ನಡು ಇಳಿಜಾರಿನಲ್ಲಿ, ತಟ್ಟನೆ ನಿಂತಿತು.

"ಅದು ಅತ್ತೆ," ಎಂದಳು ಹೆಂಡತಿ.

ಕೆಳಗೆ ಬಂದದ್ದು ಮತ್ತೆ ಮೇಲಕ್ಕೆ ಹೋಯಿತು. ಎರಡನೇ ಸಲ ಆರು ಕಡೆ ನಿಂತಿತು. ನಾನು ಎಣಿಸಿದೆ.

ಶೆಡ್ಡಿನ ಮುಂದೆ ಬಂದು ನಿಂತಾಗ ಹೊಸ ಬಣ್ಣ ಕಾದ ವಾಸನೆ ಬರುತ್ತಿತ್ತು. ಮಾವನ ಹಣೆಯಲ್ಲಿ ಬೆವರು. ಅತ್ತೆ ಮಾತ್ರ ತಲೆ ಕೆದರಿದ್ದು ಬಿಟ್ಟರೆ ಹೇಗೆ ಹೋಗಿದ್ದರೋ ಹಾಗೇ ಇದ್ದರು.

"ನಿಲ್ಲುತ್ತೆ," ಎಂದರು. "ಕಾರು ಇರಲಿ."

ಮಾವ ಉಸಿರು ಬಿಟ್ಟು, "ಹಾಗಾದ್ರೆ ನಾಳೆ ರನ್‌ವೇಗೆ..." ಎಂದು ಶುರುಮಾಡಿದರು.

ನಾನು ನಡುವೆ ಬಾಯಿ ಹಾಕಲೇಬೇಕಾಯಿತು. "ನಾಳೆ ಬೇಡ ಮಾವ. ತಟ್ಟೆನೂ ಹೊಸದು, ಪ್ಯಾಡೂ ಹೊಸದು. ಒಂದಕ್ಕೊಂದು ಪಳಗಬೇಕು. ದಿಬ್ಬ ಇಳಿಸಿದ್ದೇ ಹೆಚ್ಚಾಯ್ತು. ಇನ್ನೊಂದು ಮುನ್ನೂರು ಕಿಲೋಮೀಟರ್ ಮೆಲ್ಲಗೆ ಓಡಿಸಿ, ಆಮೇಲೆ ನಿಮ್ಮಿಷ್ಟ."

"ಮುನ್ನೂರಾ?" ಎಂದದ್ದು ಅತ್ತೆ. ಚೀಲ ಎತ್ತಿಕೊಳ್ಳುತ್ತಿದ್ದವರು ನಿಂತರು. "ರೀ, ನಮ್ಮಕ್ಕನ ಮನೆಗೆ ಹೋಗಿ ಬರೋಕೆ ಎಷ್ಟಾಗುತ್ತೆ?"

ಮಾವ ಕೇಳಿಸದವರಂತೆ ಕನ್ನಡಿ ಸರಿಮಾಡಿದರು.

"ಹೇಳ್ರೀ. ಆರು ವರ್ಷದಿಂದ ಕರೀತಾ ಇದ್ದಾಳೆ."

"ಮುನ್ನೂರಾ ಹತ್ತು."

"ಬೆಳಗ್ಗೆ ಆರಕ್ಕೆ ಹೊರಡೋಣ. ಮೆಲ್ಲಗೆ ಹೋದ್ರೆ ಊಟದ ಹೊತ್ತಿಗೆ ಸೇರ್ತೀವಿ. ಅವಳ ಹತ್ರ ಮಾತು ತುಂಬಾ ಇದೆ, ರಾತ್ರಿ ಅಲ್ಲೇ ಇದ್ದು ಸೋಮವಾರ ಬಂದ್ರಾಯ್ತು." ಅತ್ತೆ ಕೂತು ಬೆಲ್ಟು ಕಟ್ಟಿಕೊಂಡರು.

ಮಾವ ಕಿಟಕಿಯಿಂದ ತಲೆ ಹೊರಗೆ ಹಾಕಿ ನನ್ನನ್ನು ಹತ್ತಿರ ಕರೆದರು. ದನಿ ತಗ್ಗಿಸಿ, "ಅಳಿಯ, ನೂರೈವತ್ತು ಸಾಲಲ್ವಾ?" ಎಂದರು.

"ನೂರೈವತ್ತಕ್ಕೆ ನೀವು ಅತ್ತೆ ಅಕ್ಕನ ಮನೇಲೇ ಇರ್ತೀರಿ ಮಾವ," ಎಂದೆ.